ಪದ ಬೇಕು, ಅರ್ಜೆಂಟ್: ಮಕ್ಕಳಿಗೆ ಕೆಮಿಕಲ್ ‘ಎಕ್ಸ್‌ಪೋಷರ್’

ಕಾರವಾರದಿಂದ:
ಅಂಗನವಾಡಿಯ ಬೋರ್ಡಿಗೆ ಬರಹ ನಾಳೆ ಬೆಳಿಗ್ಗೆಯೇ ಅಂಗಡಿಗೆ ಕೊಡಬೇಕು. ವಿಷಯ ಇಷ್ಟು. ಪ್ಲಾಸ್ಟಿಕ್ ಮೆದುವಾಗಲಿ ಅಂತ ಬೆರೆಸುವ ಥ್ಯಾಲೇಟ್, ಡಬ್ಬಿಯ ಒಳಲೇಪದ ಬಿಸ್ಫೆನಾಲ್-ಎ, ಹಳೇ ಬಣ್ಣದ ಸೀಸ ದಿನಾ ಸ್ವಲ್ಪಸ್ವಲ್ಪವೇ ಮಕ್ಕಳ ಮೈ ಸೇರುತ್ತವೆ. 2013ರ ಒಂದು ಅಮೆರಿಕನ್ ಅಧ್ಯಯನದಲ್ಲಿ, ಮೂತ್ರದಲ್ಲಿ ಡಿಇಎಚ್‌ಪಿ ಎಂಬ ಥ್ಯಾಲೇಟಿನ ಅಂಶ ಜಾಸ್ತಿ ಇದ್ದ ಮಕ್ಕಳ ಬಿಪಿ ತುಸು ಹೆಚ್ಚಿತ್ತು. ಅದೇ ಕಾರಣ ಅಂತ ಸಾಬೀತಾಗಿಲ್ಲ, ನಂಟು ಮಾತ್ರ. ಹೀಗೆ ಮೈ ಸೇರುವುದಕ್ಕೆ ಇಂಗ್ಲಿಷಲ್ಲಿ ‘ಎಕ್ಸ್‌ಪೋಷರ್’ ಅಂತಾರೆ. ನಮಗೆ ಕಳಿಸಿದ ಅನುವಾದದಲ್ಲಿ ಅದಕ್ಕೆ ‘ಒಡ್ಡಿಕೊಳ್ಳುವಿಕೆ’ ಅಂತಿದೆ. ಓದುವಾಗ ಅಕ್ಕೋರೇ ತೊದಲಿದರು. ಬೇರೆ ಏನಿದೆ?

ಶಿರಸಿಯಿಂದ:
ಒಡ್ಡಿಕೊಳ್ಳುವಿಕೆ ತಪ್ಪು. ಒಡ್ಡುವವನಿಗೆ ಮನಸ್ಸಿರಬೇಕು. ಮಳೆಗೆ ಮೈಯೊಡ್ಡಿದ, ಬೊಗಸೆಯೊಡ್ಡಿದ. ಅಂಬೆಗಾಲಿಡುವ ಕೂಸು ಏನನ್ನು ಒಡ್ಡೀತು? ‘ಸೋಂಕು’ ಅನ್ನಿ. ಸೋಕು ಅಂದರೆ ಮುಟ್ಟು. ಗಾಳಿ ಸೋಕಿತು, ನೆರಳು ಸೋಕಿತು. ‘ರಾಸಾಯನಿಕ ಸೋಂಕು’, ಮುಗೀತು.

ಕುಮಟೆಯಿಂದ:
ಮಾಸ್ತರ್ರೇ, ಕೊರೋನಾ ಆದಮೇಲೆ ಅಂಗನವಾಡಿ ಬಾಗಿಲಲ್ಲಿ ‘ಸೋಂಕು’ ಅಂತ ಬರೆದರೆ ಮಾರನೇ ದಿನ ಒಂದು ಮಗುವೂ ಬರೋದಿಲ್ಲ. ಧಾತು ಏನೇ ಇರಲಿ, ಈಗ ಅದು ರೋಗದ ಮಾತು. ನಮ್ಮ ಕಡೆ ‘ತಾಗು’ ಇದೆ. ಬಿಸಿಲು ತಾಗಿತು, ಥಂಡಿ ತಾಗಿತು.

ಹೊನ್ನಾವರದಿಂದ:
ತಾಗುವುದು ಚರ್ಮಕ್ಕಾಯಿತು. ಹೊಟ್ಟೆಗೆ ಹೋದದ್ದು? ಥ್ಯಾಲೇಟು ಪಿವಿಸಿ ಅನ್ನುವ ಪ್ಲಾಸ್ಟಿಕ್ಕಿನಲ್ಲಿ ಬೆರೆತಿರುತ್ತದೆ ಅಷ್ಟೇ, ಕಚ್ಚಿಕೊಂಡಿರುವುದಿಲ್ಲ. ಬಿಸಿ ಅಥವಾ ಎಣ್ಣೆ ಸಿಕ್ಕರೆ ಬಿಟ್ಟು ಬರುತ್ತದೆ. ಅನ್ನದ ಜೊತೆ ಹೊಟ್ಟೆಗೆ, ಧೂಳಿನ ಜೊತೆ ಮೂಗಿಗೆ, ನೆಲ ಮುಟ್ಟಿದ ಕೈಯಿಂದ ಬಾಯಿಗೆ. ಇಷ್ಟೂ ದಾರಿಗೆ ಒಂದೇ ನಾಮಪದ ಯಾಕೆ ಬೇಕು? ಕೇಳಿದವರೇ ‘ಮೈ ಸೇರುತ್ತವೆ’ ಅಂತ ಬರೆದಿದ್ದಾರೆ. ಅದನ್ನೇ ಹಾಕಿ.

ಶಿರಸಿಯಿಂದ:
ನಾಮಪದ ಕಟ್ಟಲಾರದ ಭಾಷೆಯಲ್ಲಿ ವಿಜ್ಞಾನ ಬರೆಯೋದು ಹ್ಯಾಗೆ? ಬಿಪಿಯಂತೆ, ಕೆಮಿಕಲ್ಲಂತೆ. ನಾಳೆ ಬೋರ್ಡನ್ನೇ ಇಂಗ್ಲಿಷಲ್ಲಿ ಬರೆಸಿ.

ಕುಮಟೆಯಿಂದ:
‘ರಾಸಾಯನಿಕ’ ಸಂಸ್ಕೃತ. ಅದು ನಿಮಗೆ ಚುಚ್ಚಲಿಲ್ಲ. ಗೋವೆಯ ಪೋರ್ಚುಗೀಸರು ಕೊಟ್ಟ ಬಟಾಟೆಯನ್ನ ನಾವು ಹಾಗೇ ಕರೀತೇವೆ. ಘಟ್ಟದ ಮೇಲೆ ಆಲೂಗಡ್ಡೆ ಅಂದರೂ ಆಲೂ ನಮ್ಮದಲ್ಲ. ಪಲ್ಯ ಮಾತ್ರ ಕನ್ನಡದ್ದೇ, ಅಲ್ವಾ?

ಶಿರಸಿಯಿಂದ:
ಪಲ್ಯದ ವಿಷಯ ಇಲ್ಲಿ ಬೇಡ.

ಕಾರವಾರದಿಂದ:
‘ಮೈ ಸೇರುತ್ತದೆ’ ಹಾಕಿದೆ. ಅಕ್ಕೋರು ಸರಾಗ ಓದಿದರು. ಫ್ಲೆಕ್ಸ್ ಮಾಡಿಸೋದಿತ್ತು. ಅದೂ ಮೆದು ಪಿವಿಸಿಯೇ, ಬೋರ್ಡೇ ಬೋರ್ಡಿನ ಮಾತಿಗೆ ವಿರುದ್ಧ! ಹಾಗಾಗಿ ಗೋಡೆ ಮೇಲೇ ಬರೆಸುತ್ತೇವೆ. 2016ರ ನಿಯಮದಂತೆ ಮನೆಗೆ ಬಳಿಯುವ ಬಣ್ಣದಲ್ಲಿ ಸೀಸ 90 ಪಿಪಿಎಂ, ಅಂದರೆ ಹತ್ತು ಲಕ್ಷ ಭಾಗದಲ್ಲಿ 90 ಭಾಗ, ದಾಟಬಾರದು. ಡಬ್ಬಿ ನೋಡಿಯೇ ತರುತ್ತೇವೆ. ಪ್ಲಾಸ್ಟಿಕ್ ಮೆದು ಮಾಡುವ ‘ಪ್ಲಾಸ್ಟಿಸೈಸರ್’ಗೂ ಒಂದು ಪದ ಕೇಳೋಣ ಅಂತಿದ್ದೆ. ಮಾಸ್ತರರ ಸಿಟ್ಟು ಇಳಿಯಲಿ, ಆಮೇಲೆ ಕೇಳುತ್ತೇನೆ.