ಕತ್ತಿನ ನರ ಒತ್ತಿಕೊಂಡಿದೆ: ಈಗಲೇ ಶಸ್ತ್ರಚಿಕಿತ್ಸೆ ಬೇಕೇ?

ಡೊಂಬಿವಲಿಯ ಪ್ರಯಾಣಿಕ:
ನಮಸ್ಕಾರ. ನನಗೆ 47 ವರ್ಷ. ಐದು ವಾರಗಳಿಂದ ಕತ್ತಿನ ಬಲಭಾಗದಿಂದ ತೋಳಿನ ಹಿಂಬದಿಗೆ ಸೆಳೆತ ಇಳಿಯುತ್ತಿದ್ದು, ನಡುಬೆರಳು ಜೋಮು ಹಿಡಿಯುತ್ತದೆ. ಕತ್ತಿನ ಆರನೆಯ ಮತ್ತು ಏಳನೆಯ ಮಣಿಗಳ (ಸಿ6, ಸಿ7) ನಡುವಿನ ಮೆತ್ತೆಯಂಥ ಡಿಸ್ಕ್ ಉಬ್ಬಿ ನರವನ್ನು ಒತ್ತುತ್ತಿದೆಯೆಂದು ಎಂಆರ್‌ಐ ವರದಿ ಹೇಳುತ್ತದೆ. ವಿಚಿತ್ರವೆಂದರೆ, ಲೋಕಲ್ ರೈಲಿನಲ್ಲಿ ಕೈಯೆತ್ತಿ ಮೇಲಿನ ಹಿಡಿಕೆ ಹಿಡಿದಾಗ ನೋವು ತಗ್ಗುತ್ತದೆ. ಪ್ಲಾಟ್‌ಫಾರ್ಮಿನಲ್ಲಿ ಇಂಡಿಕೇಟರ್ ನೋಡಲು ತಲೆಯೆತ್ತಿದರೆ ಹೆಚ್ಚುತ್ತದೆ. ಒಬ್ಬ ವೈದ್ಯರು ಆಪರೇಷನ್ ಮಾಡಿಸಿ ಎಂದರು, ಇನ್ನೊಬ್ಬರು ಕಾಯಿರಿ ಎಂದರು.

ಮಾಟುಂಗಾದ ಫಿಸಿಯೋಥೆರಪಿಸ್ಟ್:
ಅದು ವಿಚಿತ್ರವೇನಲ್ಲ. ಕೈ ಮೇಲೆತ್ತಿದಾಗ ನರದ ಬೇರಿನ ಮೇಲಿನ ಎಳೆತ ಸಡಿಲವಾಗುತ್ತದೆ. ತಲೆಯನ್ನು ಹಿಂದಕ್ಕೆ ವಾಲಿಸಿದಾಗ ನರ ಹೊರಬರುವ ಕಿಂಡಿ ಕಿರಿದಾಗುತ್ತದೆ. ಕತ್ತಿನಲ್ಲಿ ಮಣಿಗಳು ಏಳು, ನರದ ಜೋಡಿಗಳು ಎಂಟು; ನಿಮ್ಮಲ್ಲಿ ಒತ್ತಿಕೊಂಡಿರುವುದು ಏಳನೆಯ ನರ ಇರಬೇಕು. ಮೊಣಕೈಯನ್ನು ನೇರಮಾಡುವ ಟ್ರೈಸೆಪ್ಸ್ ಸ್ನಾಯುವಿಗೆ ಮುಖ್ಯವಾಗಿ ಅದೇ ಆಧಾರವಾದ್ದರಿಂದ, ಬಲಗೈಯ ಶಕ್ತಿ ದಿನೇ ದಿನೇ ಕುಂದುತ್ತಿದೆಯೇ ಎಂಬುದನ್ನು ವೈದ್ಯರಿಂದ ಪರೀಕ್ಷಿಸಿಕೊಳ್ಳಿ. ಶಕ್ತಿ ಕುಂದದಿದ್ದರೆ ಮಾತ್ರೆ, ವ್ಯಾಯಾಮಗಳಲ್ಲೇ 6ರಿಂದ 12 ವಾರಗಳಲ್ಲಿ ಬಹುತೇಕರು ಚೇತರಿಸಿಕೊಳ್ಳುತ್ತಾರೆ. ಆದರೆ ನಡಿಗೆ ತೂರಾಡಿದರೆ, ಅಂಗಿಯ ಗುಂಡಿ ಹಾಕಲು ಬೆರಳು ತಡವರಿಸಿದರೆ, ಮೂತ್ರದ ಹಿಡಿತ ತಪ್ಪಿದರೆ ಒತ್ತಡ ಬೆನ್ನುಹುರಿಯ ಮೇಲೇ ಇರಬಹುದು. ಆಗ ಕಾಯುವುದು ತಪ್ಪು.

ಕೊಥ್ರೂಡ್‌ನಿಂದ, ಆಪರೇಷನ್ ಆದವನು:
ನಾನು ಮೂರು ತಿಂಗಳು ಕಾದೆ, ಮೊಣಕೈಯ ಬಲ ಇಳಿಯತೊಡಗಿದ ಮೇಲೆ ಒಪ್ಪಿದೆ. ಗಂಟಲಿನ ಪಕ್ಕದಲ್ಲಿ ಸಣ್ಣದಾಗಿ ಕೊಯ್ದು, ಡಿಸ್ಕನ್ನು ತೆಗೆದು, ಆ ಜಾಗದಲ್ಲಿ ಕೇಜ್ ಎಂಬ ಸಣ್ಣ ಆಸರೆ ಇಟ್ಟು, ಎರಡೂ ಮಣಿಗಳು ಒಂದಾಗಿ ಬೆಸೆದುಕೊಳ್ಳಲೆಂದು ಪ್ಲೇಟ್ ಮತ್ತು ಸ್ಕ್ರೂಗಳಿಂದ ಬಿಗಿದರು. ತೋಳಿನ ಸೆಳೆತ ಮರುದಿನವೇ ಹೋಯಿತು, ಬೆರಳಿನ ಜೋಮು ಮಾತ್ರ ತಿಂಗಳುಗಟ್ಟಲೆ ಉಳಿಯಿತು. ಎರಡು ವಾರ ಚಪಾತಿ ನುಂಗಲಾಗದೆ ಗಂಜಿಯಲ್ಲೇ ಕಳೆದೆ, ದನಿಯೂ ಒಡೆದಿತ್ತು. ಇದನ್ನು ಮೊದಲೇ ತಿಳಿಸಿದ್ದರೆ ಅಷ್ಟು ಹೆದರುತ್ತಿರಲಿಲ್ಲ. ಸಿಗರೇಟು ಸೇದಿದರೆ ಮೂಳೆ ಬೆಸೆಯುವುದು ತಡವಾಗುತ್ತದೆ.

ಡೊಂಬಿವಲಿಯ ಪ್ರಯಾಣಿಕ:
ಬೆಸೆಯುವುದೊಂದೇ ದಾರಿಯೇ?

ಮಾಟುಂಗಾದ ಫಿಸಿಯೋಥೆರಪಿಸ್ಟ್:
ಅಲ್ಲ. ಕೀಲುಗಳು ಹೆಚ್ಚು ಸವೆದಿರದಿದ್ದರೆ ಚಲನೆಯನ್ನು ಉಳಿಸುವ ಕೃತಕ ಡಿಸ್ಕ್ ಹಾಕಬಹುದು. ಡಿಸ್ಕ್ ಪಕ್ಕಕ್ಕೆ ಚಾಚಿದ್ದರೆ ಹಿಂಬದಿಯಿಂದ ಕಿಂಡಿಯನ್ನಷ್ಟೇ ಅಗಲಗೊಳಿಸುವ ವಿಧಾನವೂ ಇದೆ. ನಿಮಗೆ ಯಾವುದು ಹೊಂದುತ್ತದೆಂದು ಎಂಆರ್‌ಐ ಚಿತ್ರಗಳನ್ನು ನೋಡಿದ ಶಸ್ತ್ರವೈದ್ಯರೇ ಹೇಳಬೇಕು.

ಡೊಂಬಿವಲಿಯ ಪ್ರಯಾಣಿಕ:
ಧನ್ಯವಾದಗಳು. ಸೋಮವಾರ ಕೈಯ ಬಲ ಪರೀಕ್ಷಿಸಿಕೊಂಡು ಬಂದು ಇಲ್ಲಿ ಬರೆಯುತ್ತೇನೆ.