ಓವರ್‌ಟೈಮ್ ನಿಂತಿದೆ, ಕಂತು ನಿಂತಿಲ್ಲ. ಏನು ಮಾಡಲಿ?

ಪ್ರಶ್ನೆ: ನಮಸ್ಕಾರ ಸರ್. ನಾವು ತುಮಕೂರಿನವರು. ಯಜಮಾನರಿಗೆ ಫ್ಯಾಕ್ಟರಿಯಲ್ಲಿ ಓವರ್‌ಟೈಮ್ ಸೇರಿ 43,000 ಬರುತ್ತಿತ್ತು, ಈಗ 34,000. ಬಾಡಿಗೆ ಏರಿ 10,000 ಆಗಿದೆ. ಅತ್ತೆಯ ಔಷಧಿಗೆ 3,000. ಪರ್ಸನಲ್ ಲೋನ್ ಕಂತು 11,500, ಇನ್ನೂ 24 ಕಂತು ಇದೆ. ಕಾರ್ಡ್ ಬಾಕಿಯನ್ನು ಬ್ಯಾಂಕಿನವರೇ ಕಂತು ಮಾಡಿಕೊಟ್ಟಿದ್ದರು, ಅದಕ್ಕೆ 5,500. ಇದುವರೆಗೆ ಒಂದೂ ತಪ್ಪಿಸಿಲ್ಲ. ಮುಂದಿನ ತಿಂಗಳು ಆಗುವುದಿಲ್ಲ. ಆ್ಯಪ್‌ನಲ್ಲಿ ಸಾಲ ಮಾಡಿ ಕಟ್ಟೋಣ ಅಂತಾರೆ ಯಜಮಾನರು. ಬ್ಯಾಂಕಿಗೆ ಹೋಗಿ ಕೇಳಲು ನಾಚಿಕೆ.

ಉತ್ತರ: ಮೇಡಂ, ಆ್ಯಪ್ ಸಾಲ ಬೇಡವೇ ಬೇಡ. ಆ ತಿಂಗಳ ಕಂತು ದಾಟುತ್ತದೆ, ಅದರ ಮುಂದಿನ ತಿಂಗಳು ಎರಡರ ಬದಲು ಮೂರು ಕಂತು ಬಾಗಿಲಿಗೆ ಬರುತ್ತವೆ.

ಬಾಡಿಗೆ, ಔಷಧಿ, 17,000 ಕಂತು ಕಳೆದರೆ ನಿಮಗೆ ಉಳಿಯುವುದು 4,000. ಅದರಲ್ಲಿ ಮನೆ ನಡೆಯುವುದಿಲ್ಲ. ಇದರಲ್ಲಿ ನಾಚಿಕೆ ಪಡುವಂಥದ್ದು ಏನಿದೆ? ನಾನು ವರ್ಷಗಟ್ಟಲೆ ಬ್ಯಾಂಕಿನ ಸಾಲದ ವಿಭಾಗದಲ್ಲಿ ಕೂತವನು. ಕಂತು ತಪ್ಪುವ ಮೊದಲೇ ಬಂದು ಹೇಳಿದವರಿಗೆ ದಾರಿ ಮಾಡಿಕೊಡುವುದು ನಮಗೂ ಸುಲಭವಿತ್ತು. ಮೂರು ಕಂತು ಬೌನ್ಸ್ ಆದ ಮೇಲೆ ಬಂದರೆ ಕೈ ಕಟ್ಟಿಹೋಗಿರುತ್ತಿತ್ತು. ಬಾಕಿ 90 ದಿನ ದಾಟಿದರೆ ಖಾತೆ ಎನ್‌ಪಿಎ, ಅಂದರೆ ಬ್ಯಾಂಕಿನ ಲೆಕ್ಕದಲ್ಲಿ ಕೆಟ್ಟ ಸಾಲ ಆಗುತ್ತದೆ.

ಕಾರ್ಡಿನ ಕಂತನ್ನು ಮುಟ್ಟಬೇಡಿ. ಅದು ತಪ್ಪಿದರೆ ಆ ಏರ್ಪಾಡೇ ರದ್ದಾಗಿ, ಉಳಿದದ್ದೆಲ್ಲ ಕಾರ್ಡಿನ ಬಡ್ಡಿಗೆ ಹೋಗಬಹುದು. ತಿಂಗಳಿಗೆ ಮೂರು, ಮೂರೂವರೆ ಪರ್ಸೆಂಟ್ ಅಂದರೆ ಸುಮ್ನೆ ಅಲ್ಲ. ಇಳಿಸಬೇಕಾದ್ದು ಪರ್ಸನಲ್ ಲೋನ್ ಕಂತು. ಉಳಿದ ಅಸಲು 2,40,000, ಬಡ್ಡಿ 14 ಪರ್ಸೆಂಟ್ ಅಂತ ಇಟ್ಟುಕೊಳ್ಳಿ. ಅವಧಿಯನ್ನು 48 ತಿಂಗಳಿಗೆ ಎಳೆದರೆ ಕಂತು ಸುಮಾರು 6,560ಕ್ಕೆ ಬರುತ್ತದೆ. ತಿಂಗಳಿಗೆ 5,000 ಹತ್ತಿರ ಕೈಯಲ್ಲಿ ಉಳಿಯುತ್ತದೆ. ಆದರೆ ಒಟ್ಟು ಬಡ್ಡಿ ಸುಮಾರು 38,000 ಜಾಸ್ತಿ ಆಗುತ್ತದೆ. ಹೀಗೆ ಅವಧಿ ಬದಲಿಸಿದ್ದು (ರೀಸ್ಟ್ರಕ್ಚರ್) ಕ್ರೆಡಿಟ್ ರಿಪೋರ್ಟಿನಲ್ಲೂ, ಅಂದರೆ ನಿಮ್ಮ ಸಾಲದ ಇತಿಹಾಸದ ದಾಖಲೆಯಲ್ಲೂ ಬರಬಹುದು. ಎರಡನ್ನೂ ತಿಳಿದೇ ಸಹಿ ಹಾಕಿ.

ಹಳೆಯ ಮತ್ತು ಹೊಸ ಸಂಬಳದ ಚೀಟಿ, ಬಾಡಿಗೆ ಕರಾರು, ಔಷಧಿ ಬಿಲ್ಲು ತೆಗೆದುಕೊಂಡು ಹೋಗಿ. ಕಂತು ಇಳಿಸಿಕೊಡಿ ಅಂತ ಬ್ಯಾಂಕಿಗೆ ಪತ್ರ ಕೊಟ್ಟು, ನಕಲಿನ ಮೇಲೆ ಸೀಲ್ ಹಾಕಿಸಿಕೊಳ್ಳಿ. ಇಷ್ಟು ಕಟ್ಟಬಲ್ಲೆವು ಅಂತ ನೀವೇ ಒಂದು ಮೊತ್ತ ಹೇಳಿ. ಜೂನ್ ತಿಂಗಳ ಸ್ಕೂಲ್ ಫೀಸನ್ನೂ ಲೆಕ್ಕಕ್ಕೆ ಹಿಡಿದು ಹೇಳಿ. ಹುಮ್ಮಸ್ಸಿನಲ್ಲಿ ದೊಡ್ಡ ಮೊತ್ತ ಒಪ್ಪಿ, ಮೂರನೇ ತಿಂಗಳು ಎಡವಿದವರನ್ನು ತುಂಬ ನೋಡಿದ್ದೇನೆ. ಎರಡನೇ ಸಲ ಕೇಳುವುದು ಕಷ್ಟ.

ಇನ್ನೊಬ್ಬರು: ಸರ್, ನನಗೆ ಸೆಟಲ್‌ಮೆಂಟ್ ಮಾಡ್ಕೊಳ್ಳಿ, ಅರ್ಧ ಕಟ್ಟಿದರೆ ಸಾಕು ಅಂತ ಫೋನ್ ಬರುತ್ತಿದೆ. ಒಪ್ಪಲಾ?

ಉತ್ತರ: ಬೇರೆ ದಾರಿ ಇಲ್ಲದಿದ್ದರೆ ಮಾತ್ರ. ರಿಪೋರ್ಟಿನಲ್ಲಿ ಖಾತೆ ಮುಗಿದಿದೆ ಅಂತ ಬರದೆ 'ಸೆಟಲ್ಡ್', ಅಂದರೆ ಪೂರ್ತಿ ಕಟ್ಟದೆ ಮುಗಿಸಿದ್ದು ಅಂತ ಬರುತ್ತದೆ. ವರ್ಷಗಳ ಕಾಲ ಹೊಸ ಸಾಲ ಸಿಗುವುದು ಕಷ್ಟ. ಒಪ್ಪುವುದಾದರೆ ಬ್ಯಾಂಕಿನ ಪತ್ರ ಕೈಗೆ ಬರದೆ ಒಂದು ರೂಪಾಯಿಯೂ ಕೊಡಬೇಡಿ. ಏಜೆಂಟರ ಸ್ವಂತ ನಂಬರಿಗೆ ಹಣ ಹಾಕಬೇಡಿ. ವಸೂಲಿಯವರು ಬೆಳಿಗ್ಗೆ 8ಕ್ಕೆ ಮೊದಲು, ಸಂಜೆ 7ರ ನಂತರ ಫೋನ್ ಮಾಡುವಂತಿಲ್ಲ. ಮಾಡಿದರೆ ದಿನ, ಹೊತ್ತು ಬರೆದಿಡಿ.

ಮೊದಲು ಕೇಳಿದವರು: ತುಂಬ ಧೈರ್ಯ ಬಂತು ಸರ್. ಸೋಮವಾರ ಇಬ್ಬರೂ ಹೋಗುತ್ತೇವೆ. ಪತ್ರ ತೆಗೆದುಕೊಳ್ಳಲು ಒಪ್ಪದಿದ್ದರೆ?

ಉತ್ತರ: ಸ್ಪೀಡ್ ಪೋಸ್ಟ್‌ನಲ್ಲಿ ಕಳಿಸಿ, ಈಮೇಲ್ ಕೂಡ ಮಾಡಿ. ಅವಧಿ ಎಳೆಯಲೇಬೇಕು ಅಂತ ಬ್ಯಾಂಕಿಗೆ ಕಡ್ಡಾಯವಿಲ್ಲ, ಆದರೆ ಉತ್ತರ ಕೊಡಬೇಕಲ್ವಾ? ಕೊಡದಿದ್ದರೆ ಬ್ಯಾಂಕಿಗೇ ದೂರು ಕೊಡಿ. ದೂರು ಕೊಟ್ಟು 30 ದಿನವಾದರೂ ಉತ್ತರ ಬರದಿದ್ದರೆ ರಿಸರ್ವ್ ಬ್ಯಾಂಕಿನ ಓಂಬುಡ್ಸ್‌ಮನ್‌ಗೆ, ಅಂದರೆ ಬ್ಯಾಂಕುಗಳ ಮೇಲಿನ ದೂರು ಕೇಳುವ ಅಧಿಕಾರಿಗೆ ಬರೆಯಬಹುದು. ದುಡ್ಡು ಖರ್ಚಿಲ್ಲ. ಹೇಗೆ ಬರೆಯಬೇಕು ಅಂತ 14448ಕ್ಕೆ ಫೋನ್ ಮಾಡಿ ಕೇಳಿ. ಸೋಮವಾರ ಏನಾಯಿತು ಅಂತ ಇಲ್ಲೇ ತಿಳಿಸಿ, ಪತ್ರ ತಿದ್ದಬೇಕಿದ್ದರೆ ತಿದ್ದಿಕೊಡುತ್ತೇನೆ.