ಸ್ಟೇಟ್ ಫಾರೆಸ್ಟ್‌ನಲ್ಲಿ ಟೆಂಟ್: ಹೋಗಿ ಬಂದವರು ಸ್ವಲ್ಪ ಹೇಳಿ

ಪ್ರಶ್ನೆ: ನಾವಿರುವುದು ನ್ಯೂಜೆರ್ಸಿಯಲ್ಲಿ. ಇಷ್ಟು ದಿನ ಸ್ಟೇಟ್ ಪಾರ್ಕ್‌ಗಳಲ್ಲಿ ದುಡ್ಡು ಕೊಟ್ಟು ಸೈಟ್ ಬುಕ್ ಮಾಡಿಯೇ ಟೆಂಟ್ ಹಾಕಿದ್ದು. ಈ ಸಲ ನ್ಯೂಯಾರ್ಕ್‌ನ ಇಥಾಕಾ ಹತ್ತಿರದ ಸ್ಟೇಟ್ ಫಾರೆಸ್ಟ್‌ಗೆ, ಅಂದರೆ ರಾಜ್ಯ ಸರ್ಕಾರದ ಕಾಡಿಗೆ, ಹೋಗುವ ಆಸೆ. ನಾವಿಬ್ಬರು, ಜೊತೆಗೆ ಎಂಟು ವರ್ಷದ ಮಗಳು. ಅಲ್ಲಿ ನಲ್ಲಿ ಇಲ್ಲ, ಟಾಯ್ಲೆಟ್ ಇಲ್ಲ, ಸೈಟ್ ನಂಬರೂ ಇಲ್ಲವಂತೆ. ಎಲ್ಲಿ ಬೇಕಾದರೂ ಟೆಂಟ್ ಹಾಕಬಹುದಾ? ಪರ್ಮಿಟ್ ಬೇಕಾ?

ಉತ್ತರ 1: ಎಲ್ಲಿ ಬೇಕಾದರೂ ಅಲ್ಲ ಸರ್. ರಸ್ತೆ, ಟ್ರೇಲ್ (ಕಾಲುದಾರಿ), ಹಳ್ಳ, ಕೆರೆ, ಯಾವುದೇ ಇರಲಿ, 150 ಅಡಿ ದೂರ ಇರಬೇಕು. ದೊಡ್ಡವರ ಹೆಜ್ಜೆಯಲ್ಲಿ ಅರವತ್ತೋ ಎಪ್ಪತ್ತೋ ಆಗುತ್ತದೆ. ಮರಕ್ಕೆ ‘ಕ್ಯಾಂಪ್ ಹಿಯರ್’ ಅನ್ನುವ ಹಳದಿ ಬಿಲ್ಲೆ ಹೊಡೆದಿದ್ದರೆ ಅಲ್ಲಿ ಈ ಲೆಕ್ಕ ಇಲ್ಲ. ಮೂರು ರಾತ್ರಿವರೆಗೆ ಪರ್ಮಿಟ್ ಬೇಡ, ದುಡ್ಡೂ ಇಲ್ಲ. ಅದಕ್ಕಿಂತ ಜಾಸ್ತಿ ದಿನ ಇದ್ದರೆ, ಇಲ್ಲವೇ ಹತ್ತು ಜನ ಆದರೆ, ಆ ಭಾಗದ ಫಾರೆಸ್ಟ್ ರೇಂಜರ್ ಹತ್ತಿರ ಪರ್ಮಿಟ್ ತೆಗೆದುಕೊಳ್ಳಬೇಕು. ಮ್ಯಾಪ್‌ನಲ್ಲಿ ಪಾರ್ಕೂ ಹಸಿರು, ಫಾರೆಸ್ಟೂ ಹಸಿರು. ಹೆಸರು ನೋಡಿಕೊಂಡು ಹೋಗಿ, ಪಾರ್ಕ್‌ನಲ್ಲಿ ಹೀಗೆಲ್ಲ ಬಿಡುವುದಿಲ್ಲ.

ಡ್ಯಾನ್ಬಿ, ಶಿಂಡಾಗಿನ್ ಹಾಲೋ ಅನ್ನುವ ಸ್ಟೇಟ್ ಫಾರೆಸ್ಟ್‌ಗಳು ಎರಡೂ ಇಥಾಕಾಕ್ಕೆ ಹತ್ತಿರ. ಫಿಂಗರ್ ಲೇಕ್ಸ್ ಟ್ರೇಲ್ ಎರಡರೊಳಗೂ ಹೋಗುತ್ತದೆ. ಇವೇನು ಅನಾದಿ ಕಾಲದ ಕಾಡಲ್ಲ. ಬೆಳೆ ಕೈಗೆ ಹತ್ತದೆ ರೈತರು ಬಿಟ್ಟುಹೋದ ಜಮೀನುಗಳಲ್ಲಿ 1930ರ ದಶಕದಲ್ಲಿ ಪೈನ್, ಸ್ಪ್ರೂಸ್ ಸಾಲು ಹಿಡಿದು ನೆಟ್ಟರು. ಆ ಸಾಲುಗಳ ನಡುವೆ ಸೂಜಿ ಎಲೆ ಬಿದ್ದು ನೆಲ ಮೆತ್ತಗಿರುತ್ತದೆ, ಟೆಂಟ್‌ಗೆ ಹೇಳಿ ಮಾಡಿಸಿದ ಜಾಗ. ಆದರೆ ಹಳೇ ಮನೆಗಳ ಪಾಯದ ಗುಂಡಿಗಳೂ ಅಲ್ಲಲ್ಲಿ ಇರುತ್ತವೆ. ಮಗಳನ್ನು ಮುಂದೆ ಓಡಲು ಬಿಡಬೇಡಿ.

ಉತ್ತರ 2: ನೆಲ ನೋಡಿದ್ದು ಸಾಕು, ತಲೆ ಎತ್ತಿ ಮೇಲೂ ನೋಡಿ! ಆ್ಯಶ್ ಮರದ ಕೆಳಗೆ ಬೇಡವೇ ಬೇಡ. ಎಮರಾಲ್ಡ್ ಆ್ಯಶ್ ಬೋರರ್ ಅನ್ನುವ ಹುಳ ತೊಗಟೆ ಕೆಳಗೆ ಕೊರೆದು ಈ ಮರಗಳನ್ನು ನಿಂತಲ್ಲೇ ಸಾಯಿಸಿದೆ. ಹುಳ ಹುಡುಕಿಕೊಂಡು ಮರಕುಟಿಗ ಹೊರತೊಗಟೆ ಕಿತ್ತು ಹಾಕಿರುತ್ತದೆ. ಕಾಂಡ ಬಿಳಿಚಿಕೊಂಡು ಕಾಣುತ್ತದೆ, ಬುಡದಲ್ಲಿ ತೊಗಟೆ ಚೂರು ಬಿದ್ದಿರುತ್ತದೆ. ಇಂಥ ಮರ ಮುರಿದು ಬೀಳಲು ಗಾಳಿಯೇ ಬೇಕು ಅಂತಿಲ್ಲ. ಕತ್ತಲಲ್ಲಿ ಟಾರ್ಚ್ ಹಿಡಿದರೆ ಇದೊಂದೂ ಗೊತ್ತಾಗುವುದಿಲ್ಲ. ಶುಕ್ರವಾರ ಆಫೀಸ್ ಮುಗಿಸಿ ನೇರ ಕಾಡಿಗೆ ನುಗ್ಗುವ ಬದಲು ಆ ರಾತ್ರಿ ಮೋಟೆಲ್‌ನಲ್ಲಿ ಮಲಗಿ ಬೆಳಿಗ್ಗೆ ಹೋಗಿ.

ಸೌದೆ ನ್ಯೂಜೆರ್ಸಿಯಿಂದ ಒಯ್ಯಬೇಡಿ. ಇದೇ ಹುಳ ಅದರಲ್ಲಿ ಕೂತು ಬರುತ್ತದೆ, ಅದಕ್ಕೇ ತರಬಾರದು ಅಂತ ಕಾನೂನೇ ಇದೆ. ಬಿದ್ದ ಒಣ ಕಟ್ಟಿಗೆ ಆರಿಸಿ ಉರಿಸಬಹುದು.

ಉತ್ತರ 3: ಕರಡಿ ಬಗ್ಗೆ ಎಲ್ಲರೂ ಹೆದರುತ್ತಾರೆ, ನನಗೆ ಉಣುಗಿನದೇ ಜಾಸ್ತಿ ಭಯ. ನಮ್ಮ ಮಲೆನಾಡಲ್ಲಿ ಮಂಗನ ಕಾಯಿಲೆ ಹರಡುವ ಉಣುಗು ಇದೆ ಅಲ್ವಾ, ಇಲ್ಲಿನದು ಲೈಮ್ ಕಾಯಿಲೆ ತರುತ್ತದೆ. ಮರಿ ಉಣುಗು ಗಸಗಸೆ ಕಾಳಿನಷ್ಟೇ ಇರುತ್ತದೆ. ಪ್ಯಾಂಟ್ ಸಾಕ್ಸ್ ಒಳಗೆ ಸೇರಿಸಿ. ಬಟ್ಟೆ, ಶೂಗೆ ಪರ್ಮೆಥ್ರಿನ್ ಅನ್ನುವ ಕೀಟನಾಶಕ ಮೊದಲೇ ಹೊಡೆದು ಒಣಗಿಸಿ. ಸಂಜೆ ಮಗಳ ಮಂಡಿ ಹಿಂದೆ, ಕಂಕುಳು, ಕೂದಲ ಬುಡ ನೋಡಿ.

ಊಟಕ್ಕೆ ಗೊಜ್ಜವಲಕ್ಕಿ ಪುಡಿ ಮನೆಯಲ್ಲೇ ಕಲಸಿಕೊಂಡು ಹೋಗಿ, ಅಲ್ಲಿ ಬಿಸಿನೀರು ಹಾಕಿದರೆ ಮುಗಿಯಿತು. ಕಾಡಲ್ಲಿ ಒಗ್ಗರಣೆ ಸಂಭ್ರಮ ಬೇಡ. ತಿಂಡಿ, ಟೂತ್‌ಪೇಸ್ಟ್ ಯಾವುದೂ ಟೆಂಟ್ ಒಳಗೆ ಇಡಬೇಡಿ, ವಾಸನೆಗೆ ಕರಡಿ ಬರಬಹುದು. ಟಾಯ್ಲೆಟ್‌ಗೆ ನೀರಿನಿಂದ 150 ಅಡಿ ಆಚೆ ಆರೆಂಟು ಇಂಚು ಆಳದ ಗುಂಡಿ ತೆಗೆದು ಮುಚ್ಚಬೇಕು, ಗಿಡ ನೆಡುವ ಸಣ್ಣ ಸಲಿಕೆ ಸಾಕು. ಕುಡಿಯುವ ನೀರು ಕಾರಲ್ಲೇ ಒಯ್ಯಿರಿ. ಹಳ್ಳದ ನೀರೇ ಗತಿ ಅಂತಾದರೆ ಚೆನ್ನಾಗಿ ಕುದಿಸಿ ಕುಡಿಯಿರಿ.